ಕತ್ತರಿಸಿ ಉಳಿದ ಚೂರು

ಶಹಾಬಾದ
11 ಜೂನ್ 2024

ನಜಮಾ,

ರಮಾಳ ಜೈಭೀಮ, ಜೊತೆಗೆ ಸಲಾಮು. ಅಕ್ಷರ ಸೊಟ್ಟಪಟ್ಟ ಬಂದಿವೆ ಎಂದು ಗಾಬರಿಯಾಗಬೇಡ. ಜ್ವರವಿಲ್ಲ, ಸಕ್ಕರೆ ಏರಿಲ್ಲ. ಬಲಗೈ ಮಾತ್ರ ನನ್ನ ಮಾತು ಕೇಳುವುದನ್ನು ಬಿಟ್ಟಿದೆ. ಕಲಬುರಗಿಯ ಡಾಕ್ಟರು ಗುಳಿಗೆ ಬರೆದುಕೊಟ್ಟು, “ನಡುಕ ಕಡಿಮಿ ಆಗ್ತದ, ಪೂರಾ ಹೋಗಂಗಿಲ್ರಿ” ಎಂದರು. ಬರೆಯುವಾಗ ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡರೆ ಹೇಗೋ ನಡೆಯುತ್ತದೆ. ಕತ್ತರಿಗೆ ಆ ಉಪಾಯ ನಡೆಯುವುದಿಲ್ಲ.

ಕಳೆದ ವಾರ ವಾಡಿಯ ಗುರುಲಿಂಗಪ್ಪನವರ ಮೊಮ್ಮಗಳ ಮದುವೆ ಆಲ್ಬಮ್ ಮಾಡುತ್ತಿದ್ದೆ. ಫೋಟೊದ ಅಂಚು ಕತ್ತರಿಸಲು ಹೋಗಿ ಮದುಮಗಳ ಒಂದು ಕಿವಿ ಹಾರಿಸಿಬಿಟ್ಟೆ. ಅದರ ಮೇಲೆ ಜರಿ ಕಾಗದದ ಹೂ ಅಂಟಿಸಿ ಮುಚ್ಚಿದೆ. ಅವರು ಬಂದು ನೋಡಿ, “ಈ ಹೂವ ಭಾಳ ಛಂದ ಅದರಿ” ಎಂದು ಹೊಗಳಿ ಒಯ್ದರು.

ಸಂಘಪಾಲ ಇದನ್ನೆಲ್ಲ ನೋಡುತ್ತಲೇ ಇದ್ದ. ಮೊನ್ನೆ ವಾಡಿಯಿಂದ ಡ್ಯೂಟಿ ಮುಗಿಸಿ ಬಂದವನು ಒಂದು ಟ್ಯಾಬ್ ತಂದು ನನ್ನ ಮಡಿಲಲ್ಲಿಟ್ಟ. “ಅವ್ವಾ, ಕತ್ತರಿ ಬಿಡು. ಇದರಾಗ ಬಟ್ಟ ಇಟ್ಟರ ಕತ್ತರಿಸ್ತದ, ಬಟ್ಟ ಎಳೆದರ ಅಂಟ್ತದ” ಎಂದು ತನ್ನ ಬೆರಳಿನಿಂದ ಮಾಡಿ ತೋರಿಸಿದ. ಕಾಗದ ಬೇಡ, ಗೋಂದು ಬೇಡ, ಹಿತ್ತಲಿನ ಪಾಲಿಶ್ ಮಶೀನಿನಿಂದ ಹಾರಿ ಬಂದು ಗೋಂದಿಗೆ ಮೆತ್ತಿಕೊಳ್ಳುವ ಕಲ್ಲಿನ ಧೂಳಿನ ಕಾಟವೂ ಇಲ್ಲವಂತೆ. ನಗಬೇಡ, ಮೊದಲ ದಿನ ಪ್ರತಿ ಸಲ ಮುಟ್ಟುವ ಮೊದಲು ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದೆ, ಗೋಂದು ಹತ್ತೀತೆಂದು.

ಅದರಲ್ಲಿ ಹಿಂದಕ್ಕೆ ತಿರುಗಿದ ಒಂದು ಬಾಣವಿದೆ. ತಪ್ಪು ಕತ್ತರಿಸಿದರೆ ಅದನ್ನು ಒತ್ತಿದರಾಯಿತು, ಹೋದ ಕಿವಿ ಮರಳಿ ಬರುತ್ತದೆ. ಮೂವತ್ತು ವರ್ಷ ಇದೊಂದಿಲ್ಲದೆ ಹೇಗೆ ಬದುಕಿದೆವೋ.

ಈಗ ಕೇಳಬೇಕಾದದ್ದನ್ನು ಕೇಳುತ್ತೇನೆ. ಡಿಸೆಂಬರಿಗೆ ನಯೀಮಭಾಯಿ ತೀರಿ ವರ್ಷವಾಗುತ್ತದೆ. ಬರ್ಸಿಯ ಹೊತ್ತಿಗೆ ಅವರದೊಂದು ಆಲ್ಬಮ್ ಮಾಡಲೇ? ಅವರ ಸ್ಟುಡಿಯೊದ ಹಿಂದಿನ ಪಡಸಾಲೆಯಲ್ಲಿ ಕೂತು ಸೇಡಂ, ಚಿತ್ತಾಪುರ, ವಾಡಿಯ ಎಷ್ಟು ಮದುವೆಗಳನ್ನು ನಾವಿಬ್ಬರೂ ಅಂಟಿಸಿಲ್ಲ. ಅವರದೊಂದು ಆಗದೆ ಉಳಿದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ.

ಇಂತಿ ನಿನ್ನ,
ರಮಾಬಾಯಿ


ಸೇಡಂ
24 ಜೂನ್ 2024

ರಮಾ,

ನಿನ್ನ ಪತ್ರ ಬಂತು. ಲಕೋಟೆಯನ್ನು ಎರಡು ಸಲ ಜಾಡಿಸಿದೆ. ಏನೂ ಅಂಟಿಸಿರಲಿಲ್ಲ, ಒಂದು ಹೂ ಕೂಡ ಇಲ್ಲ. ನಾವು ಪತ್ರ ಬರೆಯಲು ಶುರು ಮಾಡಿದ ಮೇಲೆ ಇದೇ ಮೊದಲು. ನಿನ್ನ ಅಕ್ಷರಕ್ಕಿಂತ ಅದನ್ನು ನೋಡಿಯೇ ನಾನು ಹೆದರಿದ್ದು. ನನ್ನ ಪತ್ರಕ್ಕೆ ಎರಡು ಹೂಗಳಾಗುವಷ್ಟು ಜರಿ ಕಾಗದ ಅಂಟಿಸಿದ್ದೇನೆ. ಒಂದು ನಿನ್ನ ಲೆಕ್ಕದ್ದು.

ಆಲ್ಬಮ್ ಎಂದೆ. ಅವರ ಫೋಟೊ ಎಲ್ಲಿವೆ ಹೇಳು. ಈ ಊರಲ್ಲಿ ಯಾರ ಮನೆಗೆ ಹೋದರೂ ಗೋಡೆಯ ಮೇಲೆ ಅವರು ತೆಗೆದ ಫೋಟೊ ಇದೆ, ಫೋಟೊದಲ್ಲಿ ಅವರಿಲ್ಲ. ಕ್ಯಾಮೆರಾವನ್ನು ಇನ್ನೊಬ್ಬರ ಕೈಗೆ ಕೊಟ್ಟವರೇ ಅಲ್ಲ. ನಮ್ಮ ನಿಕಾಹದ ದಿನ ದೊಡ್ಡಪ್ಪ ಫೋಟೊ ಬೇಡವೇ ಬೇಡ ಎಂದಿದ್ದರು, ಅದೂ ಇಲ್ಲ. ರೇಷನ್ ಕಾರ್ಡಿಗೆಂದು ತೆಗೆಸಿದ ಒಂದು ಸಣ್ಣ ಫೋಟೊವನ್ನೇ ಎಲ್ಲದಕ್ಕೂ ಕೊಟ್ಟುಕೊಂಡು ಬಂದರು. ಅದರಲ್ಲಿ ಯಾರೋ ಬೈದಂತೆ ಮುಖ ಮಾಡಿದ್ದಾರೆ.

ಇರುವುದೆಲ್ಲ ನನ್ನ ಫೋನಿನಲ್ಲಿದೆ. ಕೊನೆಯ ಎರಡು ವರ್ಷ, ಸ್ಟುಡಿಯೊ ಮುಚ್ಚಿ ಮನೆಯಲ್ಲಿ ಕೂತ ಮೇಲೆ ನಾನು ತೆಗೆದವು. ನನಗೆಲ್ಲಿ ಬರುತ್ತದೆ ಫೋಟೊ ತೆಗೆಯುವುದು? ನಾನು ಫೋನ್ ಎತ್ತಿದ ಕೂಡಲೇ ನಗುವರು. “ಬೇಗಂ, ಸೀದಾ ಹಿಡಿ. ಹೆಬ್ಬಟ್ಟ ಬರ್ಲಿಕತ್ತದ ನೋಡು.” ಹಾಗಾಗಿ ಎಲ್ಲ ಫೋಟೊಗಳಲ್ಲೂ ನಗುತ್ತಿದ್ದಾರೆ.

ಅವರನ್ನು ಗಾಜಿನೊಳಗೆ ಇಡಬೇಕೆಂದು ನನಗೆ ಅನಿಸುವುದಿಲ್ಲ. ಬೆರಳಿಗೆ ಏನೂ ಸಿಗುವುದಿಲ್ಲವಲ್ಲ. ಕಾಗದವಾದರೆ ಅಂಚಾದರೂ ಸಿಗುತ್ತದೆ. ಆದರೆ ನೀನು ಕೇಳಿದ್ದನ್ನು ಬೇಡ ಎನ್ನಲು ನನಗೆ ಬಾಯಿಲ್ಲ. ಸಂಘಪಾಲನ ಜೊತೆ ಬಾ. ಬರುವಾಗ ಗುಳಿಗೆ ಮರೆಯಬೇಡ.

ನಿನ್ನ ದಾರಿ ನೋಡುತ್ತಿರುವ,
ನಜಮುನ್ನೀಸಾ


ಶಹಾಬಾದ
19 ಜುಲೈ 2024

ನಜಮಾ,

ನಿನ್ನ ಮನೆಯಿಂದ ಬಂದ ದಿನದಿಂದ ಒಲೆಯ ಮೇಲೆ ಏನಿಟ್ಟರೂ ತಳ ಹಿಡಿಯುತ್ತಿದೆ. ಅನ್ನ ಬೇಯುವಷ್ಟರಲ್ಲಿ ಒಂದು ಪುಟ ನೋಡಿ ಬರೋಣ ಎಂದು ಹೋಗುತ್ತೇನೆ, ವಾಸನೆ ಬಂದಾಗ ಏಳುತ್ತೇನೆ.

ಸಂಘಪಾಲ ಅಲ್ಲೇ ನಿನ್ನೆದುರಿಗೇ ನಿನ್ನ ಫೋನನ್ನೂ ನನ್ನ ಟ್ಯಾಬನ್ನೂ ಜೋಡಿಸಿದ್ದು ಚೆನ್ನಾಗಿ ಕೆಲಸ ಮಾಡುತ್ತಿದೆ. ನಿನ್ನ ಫೋನಿನ ಫೋಟೊಗಳೆಲ್ಲ ನನ್ನ ಟ್ಯಾಬಿನಲ್ಲಿ ಕಾಣುತ್ತಿವೆ. ರೈಲಿನಲ್ಲಿ ಬರುವಾಗ ಚಿತ್ತಾಪುರ ದಾಟುವವರೆಗೂ ಅವನು ಒಂದೇ ಮಾತು ಹೇಳಿದ. “ಅವ್ವಾ, ಏನ್ ಬೇಕಾದ್ರ ಮಾಡು, ಏನೂ ಅಳಿಸಬ್ಯಾಡ.” ಮೂವತ್ತು ವರ್ಷ ಜನರ ಫೋಟೊ ಅಂಟಿಸಿದವಳಿಗೆ ಹೇಳುವ ಮಾತೇ ಇದು?

ಕೆಲಸದ ಬಗ್ಗೆ ಹೇಳುತ್ತೇನೆ. ಇದರಲ್ಲಿ ಎಲ್ಲವೂ ಪದರ ಪದರ. ಕೆಳಗೆ ಬಣ್ಣದ ಹಾಳೆ, ಅದರ ಮೇಲೆ ಲೇಸು, ಅದರ ಮೇಲೆ ಫೋಟೊ. ಫೋಟೊದ ಕೆಳಗೆ ಒಂದು ಸುಳ್ಳು ನೆರಳು ಕೊಡಬಹುದು. ಕೊಟ್ಟರೆ ದಪ್ಪ ಕಾರ್ಡಿನ ಮೇಲೆ ಅಂಟಿಸಿದಂತೆಯೇ ಎದ್ದು ಕಾಣುತ್ತದೆ. ಮೊದಲ ಸಲ ಕಂಡಾಗ ಉಗುರಿನಿಂದ ಕೆರೆದು ನೋಡಿದೆ, ಅಂಚು ಸಿಗುತ್ತದೇನೋ ಎಂದು. ನೀನು ಹೇಳಿದ್ದು ನಿಜ, ಸಿಗಲಿಲ್ಲ.

ಆದರೆ ಒಂದು ಸಂಕಟವಿದೆ. ಕಾಗದದಲ್ಲಿ ಗೋಂದು ಒಣಗಿದರೆ ಕೆಲಸ ಮುಗಿಯಿತು. ಒಳ್ಳೆಯದೋ ಕೆಟ್ಟದ್ದೋ, ಮುಂದಿನ ಪುಟಕ್ಕೆ ಹೋಗುತ್ತಿದ್ದೆವು. ಇದರಲ್ಲಿ ಏನೂ ಒಣಗುವುದಿಲ್ಲ. ನಯೀಮಭಾಯಿಯ ಹಿಂದೆ ನೀಲಿ ಹಾಳೆ ಹಾಕುತ್ತೇನೆ. ಬೆಳಿಗ್ಗೆ ಹಸಿರು ಮಾಡುತ್ತೇನೆ. ಸಂಜೆ ಮತ್ತೆ ನೀಲಿ. ಎಡಕ್ಕೆ ಸರಿಸುತ್ತೇನೆ, ಬಲಕ್ಕೆ ತರುತ್ತೇನೆ. ಅವರಿದ್ದಿದ್ದರೆ, “ರಮಾಬಾಯಿ, ನನಗ ಒಂದ್ಕಡಿ ಕೂಡ್ಲಿಕ್ಕ ಬಿಡ್ರಿ” ಎನ್ನುತ್ತಿದ್ದರು.

ನಿನ್ನ ಜರಿ ಕಾಗದದಿಂದ ಒಂದೇ ಹೂ ಕತ್ತರಿಸಲಾಯಿತು. ಎಸಳು ಹರಿದಿದೆ, ಆದರೂ ಅಂಟಿಸಿದ್ದೇನೆ.

ನಿನ್ನ,
ರಮಾ


ಶಹಾಬಾದ
17 ಆಗಸ್ಟ್ 2024

ನನ್ನ ನಜಮಾ,

ಮುಗಿಯಿತು. ಇವತ್ತು ನನ್ನ ಮುಖ ನೋಡಿದರೆ ನೀನು ಗುರುತು ಹಿಡಿಯಲಿಕ್ಕಿಲ್ಲ, ಅಷ್ಟು ಹಗುರಾಗಿದ್ದೇನೆ.

ಎರಡು ಪುಟಗಳನ್ನು ಬಜಾರಿನಲ್ಲಿ ಪ್ರಿಂಟ್ ಹಾಕಿಸಿ ಇದರ ಜೊತೆ ಇಟ್ಟಿದ್ದೇನೆ. ಅಂಗಡಿಯವನು, “ಇದು ಕೈಲಿಂದ ಮಾಡಿದ್ದೇನ್ರಿ?” ಎಂದು ಕೇಳಿದ. ಹೌದು ಎಂದೆ. ಬೆರಳೂ ಕೈಯಲ್ಲೇ ಇರುವುದಲ್ಲವೇ?

ನಿನ್ನ ಫೋಟೊಗಳ ಬಗ್ಗೆ ಒಂದು ಮಾತು, ಬೇಜಾರಾಗಬೇಡ. ಅವರು ಹೇಳಿದ್ದು ಸುಳ್ಳಲ್ಲ, ಹೆಚ್ಚಿನವು ಓರೆ. ಕೆಲವು ಮಸುಕು. ಅರ್ಧಕ್ಕರ್ಧ ಫೋಟೊಗಳ ಮೂಲೆಯಲ್ಲಿ ನಿನ್ನ ಹೆಬ್ಬೆರಳು ದೊಡ್ಡ ಕಲ್ಲಿನ ಹಾಗೆ ಅಡ್ಡ ಬಂದಿದೆ. ಅದನ್ನೆಲ್ಲ ಕತ್ತರಿಸಿ ತೆಗೆದೆ. ಹಿಂದಿನ ಹಗ್ಗದ ಬಟ್ಟೆ, ಬಕೆಟ್ಟು, ಗ್ಯಾಸ್ ಸಿಲಿಂಡರು ಎಲ್ಲ ತೆಗೆದು ಅವರೊಬ್ಬರನ್ನೇ ಬಿಡಿಸಿ ಗುಲಾಬಿಗಳ ನಡುವೆ ಕೂರಿಸಿದೆ. ಕತ್ತರಿಯಲ್ಲಿ ನನ್ನ ಕೈ ಗಟ್ಟಿ ಇದ್ದಾಗಲೂ ಇಷ್ಟು ನಯವಾಗಿ ಬಿಡಿಸಿರಲಿಲ್ಲ.

ಮುಗಿದ ಮೇಲೆ ನಯೀಮಭಾಯಿಯ ನಿಯಮ ನೆನಪಾಯಿತು. ಆಲ್ಬಮ್ ಮುಗಿದರೆ ಕತ್ತರಿಸಿ ಉಳಿದ ಚೂರುಗಳನ್ನು ಕಸಕ್ಕೆ ಚೆಲ್ಲಲು ಅವರು ಬಿಡುತ್ತಿರಲಿಲ್ಲ. ಯಾರದೋ ಅರ್ಧ ಮುಖ, ಯಾರದೋ ಕೈ ಬೀದಿಯಲ್ಲಿ ಬಿದ್ದು ಜನರ ಕಾಲಿಗೆ ಸಿಗಬಾರದು ಎನ್ನುತ್ತಿದ್ದರು. ಗುಡಿಸಿ ಒಲೆಗೆ ಹಾಕಿ, ಅದೇ ಉರಿಯ ಮೇಲೆ ಮೂವರಿಗೂ ಚಹಾ. ಆ ಚಹಾ ಕುಡಿದ ಮೇಲೇ ಆಲ್ಬಮ್ ಮುಗಿಯಿತೆಂದು ಲೆಕ್ಕ.

ನಿನ್ನೆ ನಾನೂ ಹಾಗೇ ಮಾಡಿದೆ. ಪುಟಕ್ಕೆ ಹತ್ತಿದವು ಪುಟದಲ್ಲಿ ಕೂತಿವೆಯಲ್ಲ, ಇನ್ನು ಬಿಡಿಯಾಗಿ ಉಳಿದ ಅವರ ಫೋಟೊಗಳೆಲ್ಲ ಚೂರುಗಳೇ ಎಂದು ಒಂದೊಂದನ್ನೇ ಒತ್ತಿ ಟ್ಯಾಬಿನಿಂದ ಗುಡಿಸಿಬಿಟ್ಟೆ. ಸಂಘಪಾಲನಿಗೆ ಹೇಳಿಲ್ಲ, ಸುಮ್ಮನೆ ಕೂಗಾಡುತ್ತಾನೆ. ಚೊಕ್ಕಟವಾದ ಮೇಲೆ ಚಹಾ ಮಾಡಿಕೊಂಡು ಹೊಸಿಲ ಮೇಲೆ ಕೂತು ಕುಡಿದೆ. ನಿನ್ನ ಪಾಲಿನದನ್ನೂ ನಾನೇ ಕುಡಿದೆ.

ಪುಟ ಹೇಗಿವೆ ಎಂದು ಕೂಡಲೇ ಬರೆ.

ಸಂತೋಷದಲ್ಲಿರುವ,
ರಮಾ


ಚಂದಾಪುರ, ತಾ. ಚಿಂಚೋಳಿ
2 ಸೆಪ್ಟೆಂಬರ್ 2024

ರಮಾಬಾಯಿ,

ತಂಗಿಯ ಮನೆಗೆ ಬಂದಿದ್ದೇನೆ. ನಿನ್ನ ಪತ್ರ ಸೇಡಂನಲ್ಲೇ ಸಿಕ್ಕಿತ್ತು, ಓದಿ ಬ್ಯಾಗಿನಲ್ಲಿ ಇಟ್ಟುಕೊಂಡು ಬಂದೆ. ಅರ್ಥವಾದದ್ದು ಇಲ್ಲಿಗೆ ಬಂದ ಮೇಲೆ.

ನಿನ್ನೆ ತಂಗಿ ಅವರ ಫೋಟೊ ತೋರಿಸು ಎಂದಳು. ಫೋನ್ ತೆಗೆದೆ. ನನ್ನ ಫೋನಿನಲ್ಲಿ ಅವರ ಫೋಟೊ ಒಂದೂ ಇಲ್ಲ. ನೀನು ಅಲ್ಲಿ ಗುಡಿಸಿದ್ದು ಇಲ್ಲಿಂದಲೂ ಹೋಗಿದೆ. ಮೇಲೆ ಕೆಳಗೆ ಸರಿಸಿ ಸರಿಸಿ ನೋಡಿದೆ. ತಂಗಿಯ ಮೊಮ್ಮಗನ ಖತ್ನಾದ ಫೋಟೊ ಇವೆ, ಬದನೆಕಾಯಿ ಪಲ್ಯದ ಫೋಟೊ ಇದೆ. ಅವರಿಲ್ಲ.

ನಿನ್ನ ಪುಟಗಳು ಅಂದವಾಗಿವೆ. ಗುಲಾಬಿಗಳ ನಡುವೆ ಯಾರದೋ ಮದುವೆಗೆ ಬಂದವರ ಹಾಗೆ ಕೂತಿದ್ದಾರೆ.

ಫೋನ್ ಬಂದ್ ಮಾಡಿ ಕರವಸ್ತ್ರದಲ್ಲಿ ಸುತ್ತಿ ಬ್ಯಾಗಿನ ತಳಕ್ಕೆ ಹಾಕಿದ್ದೇನೆ. ಫೋನ್ ಮಾಡಬೇಡ. ಬರಲೂ ಬೇಡ.

ನಜಮುನ್ನೀಸಾ


ಶಹಾಬಾದ
9 ಸೆಪ್ಟೆಂಬರ್ 2024

ನಜಮಾ,

ನೀನು ನನ್ನನ್ನು ರಮಾಬಾಯಿ ಎಂದು ಬರೆದದ್ದು ಇದೇ ಮೊದಲು. ಪತ್ರ ಕೈಯಲ್ಲಿ ಹಿಡಿದು ಮನೆಯಿಂದ ಹಿತ್ತಲಿಗೆ, ಹಿತ್ತಲಿನಿಂದ ಮನೆಗೆ ಎಷ್ಟು ಸಲ ತಿರುಗಿದೆನೋ ಗೊತ್ತಿಲ್ಲ.

ಆ ಹಿಂದಿನ ಬಾಣವನ್ನು ಒತ್ತಿ ಒತ್ತಿ ನೋಡಿದೆ. ಪುಟದ ಹೂಗಳು ಮಾತ್ರ ಜಾಗ ಬದಲಿಸುತ್ತವೆ. ಫೋಟೊ ಬರುವುದಿಲ್ಲ. ನನ್ನ ಟ್ಯಾಬಿನಲ್ಲಿ ಇದ್ದದ್ದು ಅದರ ಒಂದು ಪ್ರತಿ ಎಂದುಕೊಂಡಿದ್ದೆ. ನೀನು ಒಂದು ಪ್ರಿಂಟ್ ಇಟ್ಟುಕೊಂಡು ನನಗೊಂದು ಕೊಟ್ಟಿದ್ದೀಯ ಎಂದು. ಒಂದೇ ಫೋಟೊ ಸೇಡಂನಲ್ಲೂ ಶಹಾಬಾದದಲ್ಲೂ ಇರುತ್ತದೆ, ಇಲ್ಲಿ ಒಲೆಗೆ ಹಾಕಿದರೆ ಅಲ್ಲೂ ಸುಡುತ್ತದೆ ಎಂದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಸಂಘಪಾಲನಿಗೆ ಹೇಳಲು ನಾಲಿಗೆ ಏಳುತ್ತಿಲ್ಲ. ಅಳಿಸಬೇಡ ಎಂದು ಅವನು ಹೇಳಿದ್ದು ಒಂದೇ ಮಾತು, ನಾನು ಮಾಡಿದ್ದು ಅದೊಂದನ್ನೇ. ಗೊತ್ತಾದರೆ ಟ್ಯಾಬ್ ಕಿತ್ತಿಟ್ಟುಕೊಳ್ಳುತ್ತಾನೆ. ಕತ್ತರಿ ಈಗಾಗಲೇ ಹೋಗಿದೆ. ಎರಡೂ ಹೋದರೆ ಈ ಕೈಗಳನ್ನು ಏನು ಮಾಡಲಿ ಎಂಬ ಹೆದರಿಕೆ ನನಗೆ. ನಿನ್ನ ದುಃಖದ ನಡುವೆ ನನ್ನ ಹೆದರಿಕೆ ಬರೆಯುತ್ತಿರುವುದಕ್ಕೆ ನಾಚಿಕೆಯಾಗುತ್ತದೆ. ಆದರೆ ನಿನಗಲ್ಲದೆ ಯಾರಿಗೆ ಬರೆಯಲಿ?

ನೀನು ಬರಬೇಡ ಎಂದಿದ್ದೀಯ, ಬರುವುದಿಲ್ಲ. ಒಂದು ಸಾಲು ಬರೆ. ಬೈದಾದರೂ ಬರೆ.

ರಮಾ


ವಾಡಿ ಸ್ಟೇಷನ್
28 ಸೆಪ್ಟೆಂಬರ್ 2024

ನಜಮಾ,

ನಿನ್ನಿಂದ ಪತ್ರವಿಲ್ಲ. ಓದುತ್ತಿದ್ದೀಯೋ ಇಲ್ಲವೋ. ಶಹಾಬಾದಕ್ಕೆ ಹೋಗುವ ಗಾಡಿ ತಡವಾಗಿದೆ, ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಈ ಸಲದ ಸೊಟ್ಟ ಅಕ್ಷರದಲ್ಲಿ ಅರ್ಧ ಪಾಲು ಬೆಂಚಿನದು.

ಮನೆಯಲ್ಲಿ ಕೂರಲಾಗದೆ ಒಂದು ಕೆಲಸ ಹಚ್ಚಿಕೊಂಡೆ. ನಯೀಮಭಾಯಿ ಫೋಟೊ ತೆಗೆದ ಮನೆಗಳಿಗೆ ಹೋಗಿ, ನಾವೇ ಅಂಟಿಸಿಕೊಟ್ಟ ಹಳೆಯ ಆಲ್ಬಮ್ ತೆರೆಸಿ ನೋಡುತ್ತಿದ್ದೇನೆ. ಇಷ್ಟು ಸಾವಿರ ಫೋಟೊ ತೆಗೆದ ಮನುಷ್ಯ ಒಂದರಲ್ಲಾದರೂ ತಾನೇ ಸಿಕ್ಕಿಬಿದ್ದಿರಬೇಕಲ್ಲ? ಜನ ನನಗೆ ತಲೆ ಕೆಟ್ಟಿದೆ ಎಂದುಕೊಂಡಿರಬಹುದು. ಚಹಾ ಮಾತ್ರ ಎಲ್ಲರೂ ಕೊಟ್ಟರು.

ಇವತ್ತು ಗುರುಲಿಂಗಪ್ಪನವರ ಮನೆ. ಕಿವಿ ಹೋದ ಮೊಮ್ಮಗಳದಲ್ಲ, ಅವಳ ಅವ್ವನ ಮದುವೆಯ ಆಲ್ಬಮ್. ನಾನೂ ನೀನೂ ಫೋಟೊಗಳ ಮೂಲೆಗೆ ಅಂಟಿಸಿದ ಕಾಗದದ ಕಮಲಗಳು ಇನ್ನೂ ಒಂದೂ ಬಿದ್ದಿಲ್ಲ. ಮದುಮಗಳನ್ನು ಅಲಮಾರಿಯ ಮುಂದೆ ನಿಲ್ಲಿಸಿದ್ದಾರೆ. ಅಲಮಾರಿಯ ಕನ್ನಡಿಯಲ್ಲಿ ನೋಡಿದರೆ ಅವರು. ಸೊಂಟ ಬಗ್ಗಿಸಿ, ಒಂದು ಕಣ್ಣು ಮುಚ್ಚಿ, ಮೊಣಕೈ ಹೊರಗೆ ಚಾಚಿ. ಮುಖದ ಮೇಲೆ ಅರ್ಧ ಕ್ಯಾಮೆರಾ, ಉಳಿದರ್ಧ ಫ್ಲ್ಯಾಶಿನ ಬೆಳಕು. ಆದರೆ ಆ ಮೊಣಕೈ ಇನ್ನೊಬ್ಬರದಲ್ಲ. ಗುರುಲಿಂಗಪ್ಪನವರು ಬಗ್ಗಿ ನೋಡಿ, “ಎವ್ವಾ, ಇವರು ಇಲ್ಲೇ ಇದ್ದಾರಲ್ಲರಿ. ಇಷ್ಟ್ ವರ್ಷ ನಾವು ನೋಡೇ ಇಲ್ಲ” ಎಂದರು.

ಇನ್ನೊಂದರಲ್ಲಿ ಅಂಗಳದ ಫರ್ಸಿ ಕಲ್ಲಿನ ಮೇಲೆ ಅವರ ನೆರಳು ಬಿದ್ದಿದೆ, ಮದುಮಕ್ಕಳ ಕಾಲಿನವರೆಗೆ. ಎರಡನ್ನೂ ಟ್ಯಾಬಿನಲ್ಲಿ ತೆಗೆದುಕೊಂಡೆ. ಈ ಸಲ ಏನನ್ನೂ ಕತ್ತರಿಸಿಲ್ಲ.

ಇದು ನಿನ್ನ ಫೋಟೊಗಳಿಗೆ ಸಮವಲ್ಲ ಎಂದು ಗೊತ್ತಿದೆ. ಆದರೂ ಹುಡುಕುವುದನ್ನು ಬಿಡಲು ಆಗುತ್ತಿಲ್ಲ. ಗಾಡಿ ಬಂತು.

ರಮಾ


ಚಿತ್ತಾಪುರ
9 ಅಕ್ಟೋಬರ್ 2024

ನಜಮಾ, ಮೊದಲು ಈ ಸಾಲು ಓದಿ ಫೋನ್ ತೆಗೆ. ಕರವಸ್ತ್ರ ಬಿಚ್ಚಿ ಚಾರ್ಜಿಗೆ ಹಾಕು. ಆಮೇಲೆ ಉಳಿದದ್ದು ಓದು.

ಇಲ್ಲಿನ ಕೋರ್ಟಿನಲ್ಲಿ ಟೈಪಿಸ್ಟ್ ಆಗಿರುವ ಭಾಗ್ಯಜ್ಯೋತಿ ನೆನಪಿದ್ದಾಳಲ್ಲ? ಮದುವೆಯಲ್ಲಿ ಫೋಟೊಕ್ಕೆ ನಗು ಎಂದರೆ ಅಳುತ್ತಿದ್ದವಳು. ಇವತ್ತು ಅವಳ ಮನೆಗೆ ಬಂದೆ. ಅವಳ ಮದುವೆ ಆಲ್ಬಮಿನ ಒಂದು ಫೋಟೊದಲ್ಲಿ, ಉಡುಗೊರೆ ಬಂದ ಸ್ಟೀಲ್ ಕೊಡದ ಹೊಳೆಯುವ ಹೊಟ್ಟೆಯಲ್ಲಿ ನಯೀಮಭಾಯಿ ಸಿಕ್ಕರು, ಉದ್ದಿನ ಕಾಳಿನಷ್ಟು. ಅದನ್ನು ಕಂಡು ನನಗೆ ಅಳು ತಡೆಯಲಾಗಲಿಲ್ಲ. ಯಾಕೆ, ಏನು ಎಂದು ಅವಳು ಬಿಡಲಿಲ್ಲ. ಮಗನಿಗೆ ಹೇಳದ್ದನ್ನೆಲ್ಲ ಅವಳಿಗೆ ಹೇಳಿದೆ.

ಅವಳು ಕೇಳಿದ್ದು ಒಂದೇ ಮಾತು. “ಬುಟ್ಟಿ ನೋಡಿರೇನ್ರಿ ಮೌಶಿ?”

ಯಾವ ಬುಟ್ಟಿ ಎಂದೆ. ಅಳಿಸಿದ್ದು ಕೂಡಲೇ ಹೋಗುವುದಿಲ್ಲವಂತೆ. ಒಂದು ಬುಟ್ಟಿಯಲ್ಲಿ ಎರಡು ತಿಂಗಳು ಬಿದ್ದಿರುತ್ತದಂತೆ, ಆಮೇಲೆ ಪೂರ್ತಿ ಹೋಗುತ್ತದಂತೆ. ಟ್ಯಾಬನ್ನು ಅವಳ ಮುಂದೆ ಸರಿಸಿದೆ. ಅವಳು ಟ್ಯಾಬ್ ತೆಗೆದುಕೊಂಡು ಎಲ್ಲೆಲ್ಲೋ ಒತ್ತಿದಳು. ಅಲ್ಲಿದ್ದರು ನಜಮಾ. ಎಲ್ಲ. ಓರೆಯಾದವು, ಮಸುಕಾದವು, ಬಕೆಟ್ಟು, ಸಿಲಿಂಡರು, ನಿನ್ನ ಹೆಬ್ಬೆರಳು. ಇನ್ನೊಂದು ವಾರ ತಡವಾಗಿದ್ದರೆ ಮುಗಿದೇ ಹೋಗುತ್ತಿತ್ತು ಎಂದಳು.

ಕೆಳಗೆ ಎರಡು ಗುಂಡಿ, ಅಕ್ಕಪಕ್ಕ. ಒಂದು ಒತ್ತಿದರೆ ಮರಳಿ ಬರುತ್ತವೆ, ಇನ್ನೊಂದು ಒತ್ತಿದರೆ ಶಾಶ್ವತವಾಗಿ ಹೋಗುತ್ತವೆ. ಯಾರು ಮಾಡಿದರೋ ಇದನ್ನು, ಅವರ ಮನೆಯಲ್ಲಿ ಕೈ ನಡುಗುವವರು ಯಾರೂ ಇಲ್ಲವೆಂದು ಕಾಣುತ್ತದೆ. ಭಾಗ್ಯಜ್ಯೋತಿ, “ನಾ ಒತ್ತಲೇನ್ರಿ?” ಎಂದಳು. ನಾನು ಬೇಡ ಎಂದೆ. ಗುಡಿಸಿದವಳು ನಾನು. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದು ಒತ್ತಿದೆ. ಒಂದೊಂದೇ ಎದ್ದು ತಮ್ಮ ಜಾಗಕ್ಕೆ ಹೋದವು.

ಸಂಜೆ ಸಂಘಪಾಲನಿಗೂ ಎಲ್ಲ ಹೇಳುತ್ತೇನೆ. ಕೂಗಾಡಲಿ. ಇದನ್ನು ಇಲ್ಲಿಂದಲೇ ಸ್ಪೀಡ್ ಪೋಸ್ಟ್ ಮಾಡುತ್ತಿದ್ದೇನೆ. ನೀನು ಫೋನ್ ಹಚ್ಚಿದರೆ ಅಲ್ಲೂ ಬರಬೇಕು. ಬಂದವೇ ಎಂದು ತಿಳಿಯುವವರೆಗೆ ನನಗೆ ನೆಮ್ಮದಿಯಿಲ್ಲ.

ನಿನ್ನ ರಮಾ


ಚಂದಾಪುರ
21 ಅಕ್ಟೋಬರ್ 2024

ರಮಾ,

ಬಂದವು.

ನಿನ್ನ ಪತ್ರಗಳೆಲ್ಲ ಬಂದಿದ್ದವು. ಓದುತ್ತಿದ್ದೆ. ಉತ್ತರ ಬರೆಯಲು ಕೂತರೆ ಬೈಗುಳ ಬಿಟ್ಟು ಬೇರೇನೂ ಬರುತ್ತಿರಲಿಲ್ಲ, ಅದಕ್ಕೇ ಬರೆಯಲಿಲ್ಲ. ಫೋನಿನ ಕರವಸ್ತ್ರ ಬಿಚ್ಚಲು ಎರಡು ದಿನ ಧೈರ್ಯವಾಗಲಿಲ್ಲ. ಮತ್ತೆ ಬದನೆಕಾಯಿ ಪಲ್ಯವೇ ಕಂಡರೆ ಎಂಬ ಅಂಜಿಕೆ. ಕೊನೆಗೆ ತಂಗಿ ಕೈಯಿಂದ ಕಸಿದುಕೊಂಡು ಹಚ್ಚಿದಳು. ಇಲ್ಲಿ ಸಿಗ್ನಲ್ ಕಡಿಮೆ. ಒಂದು ಬಂದು, ನಿಂತು, ಇನ್ನೊಂದು ಬಂತು. ಮಧ್ಯಾಹ್ನವಿಡೀ ಅಕ್ಕತಂಗಿ ಇಬ್ಬರೂ ಒಲೆ ಹಚ್ಚದೆ ಅದನ್ನೇ ನೋಡುತ್ತ ಕೂತೆವು.

ಈಗ ನನ್ನ ಸಿಟ್ಟು ಏನೆಂದು ಹೇಳುತ್ತೇನೆ, ಇಲ್ಲವಾದರೆ ಅದು ಒಳಗೇ ಉಳಿಯುತ್ತದೆ. ನೀನು ಫೋಟೊ ಅಳಿಸಿದ್ದು ತಿಳಿಯದೆ. ಅದನ್ನು ಎರಡನೆಯ ದಿನವೇ ಮನಸ್ಸಿನಲ್ಲಿ ಮಾಫ್ ಮಾಡಿದ್ದೆ. ನನ್ನನ್ನು ಸುಟ್ಟದ್ದು ನಿನ್ನ ಪುಟ. ನನ್ನ ಹೆಬ್ಬೆರಳನ್ನು ಕತ್ತರಿಸಿ ತೆಗೆದೆ ಎಂದು ನೀನು ಎಷ್ಟು ಹೆಮ್ಮೆಯಿಂದ ಬರೆದಿದ್ದೆ.

ಅವರೂ ನಾನೂ ಒಂದೇ ಫೋಟೊದಲ್ಲಿ ಇರುವುದು ಅಲ್ಲಿ ಮಾತ್ರ, ರಮಾ. ನಿಕಾಹದ್ದಿಲ್ಲ, ಹಬ್ಬದ್ದಿಲ್ಲ, ಯಾವುದೂ ಇಲ್ಲ. ಅವರು ನನ್ನನ್ನು ತೆಗೆದರೆ ನಾನೊಬ್ಬಳೇ, ನಾನು ಅವರನ್ನು ತೆಗೆದರೆ ಅವರೊಬ್ಬರೇ. ಆ ಮೂಲೆಯಲ್ಲಿ ಮಾತ್ರ ಇಬ್ಬರೂ ಇದ್ದೇವೆ. ಅವರು ನಗುತ್ತಿರುವುದೂ ಅದನ್ನೇ ನೋಡಿ. ನೀನು ಅದನ್ನು ತೆಗೆದ ಮೇಲೆ ಅವರು ಯಾಕೆ ನಗುತ್ತಿದ್ದಾರೆಂದು ಯಾರಿಗೆ ಗೊತ್ತಾಗಬೇಕು?

ಒಂದು ಪ್ರಿಂಟ್ ಹಾಕಿಸಿ ಇದರ ಜೊತೆ ಇಟ್ಟಿದ್ದೇನೆ. ಪಡಸಾಲೆಯಲ್ಲಿ ತೆಗೆದದ್ದು. ಪ್ರಿಂಟ್ ಕೈಗೆ ಬಂದಾಗ ನನ್ನ ಹೆಬ್ಬೆರಳನ್ನು ಅದರೊಳಗಿನ ಹೆಬ್ಬೆರಳಿನ ಮೇಲೆ ಇಟ್ಟು ನೋಡಿದೆ. ಫೋಟೊದಲ್ಲಿರುವುದು ನನ್ನದಕ್ಕಿಂತ ಸ್ವಲ್ಪ ದೊಡ್ಡದಾಗಿ ಬಂದಿದೆ.

ಆಲ್ಬಮ್ ಮಾಡು. ಗಾಜಿನಲ್ಲಿ ಮಾಡುತ್ತೀಯೋ ಕಾಗದದಲ್ಲೋ, ನಿನ್ನ ಕೈಗೆ ಹೇಗೆ ಆಗುತ್ತದೋ ಹಾಗೆ. ಅಲಮಾರಿಯ ಕನ್ನಡಿಯಲ್ಲಿದ್ದವರನ್ನೂ ಕೊಡದಲ್ಲಿದ್ದವರನ್ನೂ ಸೇರಿಸು, ಅವರನ್ನು ನಾನಿನ್ನೂ ನೋಡಿಲ್ಲ. ಗುಲಾಬಿ ಬೇಡ.

ಸಂಘಪಾಲ ಎಷ್ಟು ಕೂಗಾಡಿದ? ಅವನು ಟ್ಯಾಬ್ ಕಿತ್ತುಕೊಂಡಿದ್ದರೆ ನಜಮಾ ಮೌಶಿ ವಾಪಸ್ ಕೊಡು ಎಂದಿದ್ದಾಳೆ ಎಂದು ಹೇಳು.

ನಿನ್ನ ನಜಮಾ


ಶಹಾಬಾದ
24 ನವೆಂಬರ್ 2024

ನನ್ನ ನಜಮಾ,

ಕೂಗಾಡಲಿಲ್ಲ. ಎಲ್ಲ ಕೇಳಿ, “ಮೊದಲೇ ನನಗ ಯಾಕ ಹೇಳ್ಲಿಲ್ಲವ್ವಾ?” ಎಂದ. ಕೂಗಾಡಿದ್ದರೆ ಒಳ್ಳೆಯದಿತ್ತು.

ಆಲ್ಬಮ್ ಆಗಿದೆ. ಪುಟಗಳನ್ನು ಟ್ಯಾಬಿನಲ್ಲಿ ಹೊಂದಿಸಿ, ದಪ್ಪ ಹಾಳೆಯ ಮೇಲೆ ಪ್ರಿಂಟ್ ಹಾಕಿಸಿ, ಮನೆಯಲ್ಲೇ ದಾರ ಹಾಕಿ ಹೊಲಿದೆ. ನಡುವೆ ಬೆಣ್ಣೆ ಕಾಗದವನ್ನೂ ಇಟ್ಟಿದ್ದೇನೆ, ಹಳೆಯ ಪದ್ಧತಿಯಂತೆ. ಕೊಡದೊಳಗಿನ ಉದ್ದಿನ ಕಾಳನ್ನು ಬೆರಳಿನಿಂದ ಹಿಗ್ಗಿಸಿ ದೊಡ್ಡದು ಮಾಡಿದಾಗ ಅವರ ಕುತ್ತಿಗೆಯಲ್ಲಿ ಕ್ಯಾಮೆರಾದ ಪಟ್ಟಿ ಕಂಡಿತು. ಅದು ಕತ್ತರಿ ಗೋಂದಿನ ಕಾಲದಲ್ಲಿ ಆಗುತ್ತಿರಲಿಲ್ಲ. ಬಣ್ಣ ಬದಲಿಸುವ ಚಟ ಇನ್ನೂ ಹೋಗಿಲ್ಲ. ಕೊನೆಗೆ ಸಂಘಪಾಲ ಪ್ರಿಂಟಿಗೆ ಕೊಡಲು ಕಸಿದುಕೊಂಡು ಹೋಗಬೇಕಾಯಿತು.

ಮೊದಲ ಪುಟವನ್ನು ಮಾತ್ರ ಕೈಯಿಂದಲೇ ಮಾಡಿದ್ದೇನೆ. ನೀನು ಕಳಿಸಿದ ಪ್ರಿಂಟನ್ನು ಇದ್ದ ಹಾಗೇ ಇಟ್ಟು ನಾಲ್ಕು ಮೂಲೆಗೆ ಕಮಲ ಅಂಟಿಸಿದೆ. ಕೈ ನಡುಗಿ ಒಂದು ಮೂಲೆ ಓರೆಯಾಗಿ ಕೂತಿತು, ಗೋಂದಿನಲ್ಲಿ ನನ್ನ ಬೆರಳಿನ ಗುರುತೂ ಬಿತ್ತು. ಒರೆಸಲು ಹೋಗಿ ಬಿಟ್ಟೆ. ಈಗ ಒಣಗಿದೆ. ನಿನ್ನ ಬೆರಳಿಗೆ ಅಂಚು ಸಿಗುತ್ತದೆ.

ಬರ್ಸಿಗೆ ಎರಡು ದಿನ ಮೊದಲೇ ಸೇಡಂಗೆ ಬರುತ್ತೇನೆ. ಸ್ಟುಡಿಯೊದ ಹಿಂದಿನ ಪಡಸಾಲೆ ಗುಡಿಸಿಡು, ಅಲ್ಲೇ ಒಲೆ ಹಚ್ಚೋಣ. ಈ ಸಲ ಏನನ್ನೂ ಕತ್ತರಿಸಿಲ್ಲ ನಜಮಾ, ಉರಿಗೆ ಹಾಕಲು ಒಂದು ಚೂರೂ ಉಳಿದಿಲ್ಲ. ಚಹಾಕ್ಕೆ ನಾಲ್ಕು ಕಟ್ಟಿಗೆ ತೆಗೆದಿಡು.

ನಿನ್ನ,
ರಮಾ